ಜಾವಾದ ಟೈಮ್‌ಝೋನ್ ಅಪ್‌ಡೇಟರ್: ಹಳೆ ಸರ್ವರ್ ನೋಡಿಕೊಳ್ಳುವವರಿಗೆ ಬೇಕೇ ಬೇಕು

2007ರಲ್ಲಿ ಅಮೆರಿಕ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದಿನವನ್ನು ಏಪ್ರಿಲ್ 1ರಿಂದ ಮಾರ್ಚ್ 11ಕ್ಕೆ ತಂದಾಗ ಆಪರೇಟಿಂಗ್ ಸಿಸ್ಟಮ್‌ಗೆ ಪ್ಯಾಚ್ ಹಾಕಿದರೆ ಸಾಲುತ್ತಿರಲಿಲ್ಲ, ಏಕೆಂದರೆ ಜಾವಾ (ಪ್ರೋಗ್ರಾಮ್‌ಗಳನ್ನು ಓಡಿಸುವ ವ್ಯವಸ್ಥೆ) ಎಲ್ಲಿ ಯಾವಾಗ ಗಂಟೆ ಎಷ್ಟು ಎಂದು ಲೆಕ್ಕ ಹಾಕಲು ಬೇಕಾದ ಟೈಮ್‌ಝೋನ್ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯನ್ನಷ್ಟೇ ಹೊಸದು ಮಾಡುವ ಪುಟ್ಟ ಟೂಲ್ ಈ ಟೈಮ್‌ಝೋನ್ ಅಪ್‌ಡೇಟರ್, ಇಡೀ ಜಾವಾ ಬದಲಿಸಬೇಕಿಲ್ಲ. ನನಗೆ ತುಂಬಾ ಇಷ್ಟ. ಮೆಕ್ಸಿಕೋ 2022ರಲ್ಲಿ ಹೆಚ್ಚಿನ ಕಡೆ ಈ ಪದ್ಧತಿಯನ್ನೇ ಕೈಬಿಟ್ಟಿತು ಅಲ್ವಾ, ಹಳೆ ಜಾವಾಗೆ ಅದು ಗೊತ್ತೇ ಇಲ್ಲ, ಏಪ್ರಿಲ್ ಬಂದರೆ ಸುಮ್ನೆ ಒಂದು ಗಂಟೆ ಮುಂದೆ ತೋರಿಸುತ್ತದೆ.

ಕಿರಿಕಿರಿಯೂ ಇದೆ. ಓಡುತ್ತಿರುವ ಜಾವಾ ಪ್ರೋಗ್ರಾಮ್‌ಗಳನ್ನು ನಿಲ್ಲಿಸಬೇಕು, ಒಂದೇ ಮೆಷಿನ್‌ನಲ್ಲಿ ಎಷ್ಟು ಜಾವಾ ಇವೆಯೋ ಅಷ್ಟಕ್ಕೂ ಈ ಟೂಲನ್ನು ಬೇರೆ ಬೇರೆಯಾಗಿ ಓಡಿಸಬೇಕು, ಅಪ್ಲಿಕೇಶನ್ ಜೊತೆಗೇ ಬಂದು ಕೂತಿರುವ ಜಾವಾ ಕೂಡ ಬಿಡುವಂತಿಲ್ಲ. ಅವನ್ನು ಹುಡುಕುವುದೇ ಜಾಸ್ತಿ ಕೆಲಸ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಸರ್ವರ್ ನೋಡುವವರು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ.