ಹಳೆ ಮಸ್ಟಾಂಗ್‌ಗೆ ಎಕ್ಸ್‌ಪ್ಲೋರರ್ ಆಕ್ಸಲ್: ಟ್ಯೂಬ್ ಕೊಯ್ಯಿಸುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ 1965–66ರ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡಿರುವ ಕನ್ನಡಿಗರು ಯಾರಾದರೂ ಹಿಂದಿನ ಆಕ್ಸಲ್ ಬದಲಾಯಿಸುವ ಯೋಚನೆಯಲ್ಲಿದ್ದರೆ, ವೆಲ್ಡಿಂಗ್‌ನವರಿಗೆ ಮುಂಗಡ ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ಗುಜರಿಯಿಂದ ಫೋರ್ಡಿನದೇ ಎಸ್‌ಯುವಿ ಎಕ್ಸ್‌ಪ್ಲೋರರ್‌ನ 8.8 ಇಂಚಿನ (ಒಳಗಿನ ದೊಡ್ಡ ಗೇರಿನ ವ್ಯಾಸ) ಆಕ್ಸಲ್ ತಂದು, ಒಂದು ಕಡೆ ಕೊಯ್ದು ಬೆಸೆದು ಕೂರಿಸಿದ 1966ರ ಒಂದು ಕಾರಿನ ಪಾಡು ಇಲ್ಲಿದೆ. ಎಂಜಿನ್ 289 ವಿ8, ಎರಡು ಬ್ಯಾರಲ್ ಕಾರ್ಬ್ಯುರೇಟರ್, ಕಂಪನಿಯಿಂದ ಬಂದ ಹಾಗೇ 200 ಅಶ್ವಶಕ್ತಿ. ಕೆಲಸ ಮಾಡಿದ ವರ್ಕ್‌ಶಾಪಿನ ಹೆಸರು ಇಲ್ಲಿ ಬೇಡ. ಕೆಲವೇ ನೂರು ಮೈಲಿ ಓಡುವಷ್ಟರಲ್ಲಿ ಎಡಗಡೆ ಹಿಂದಿನ ಚಕ್ರದ ಒಳಮೈಗೆಲ್ಲ ಗೇರ್ ಆಯಿಲ್ ಬಳಿದುಕೊಂಡಿತ್ತು. 55 ಮೈಲಿ ವೇಗ ದಾಟಿದರೆ ಸೀಟಿನಡಿಯಿಂದ ಗುಂಯ್ ಎನ್ನುವ ನಡುಕ. ಬ್ರೇಕ್ ಮುಟ್ಟದೆ ಓಡಿಸಿದರೂ ಹಿಂದಿನ ಡಿಸ್ಕ್‌ಗಳು ಕೆಂಡದಷ್ಟು ಬಿಸಿ.

ಈ ಆಕ್ಸಲ್‌ಗೆ ಜನ ಮುಗಿಬೀಳುವುದು ಸುಮ್ಮನೆ ಅಲ್ಲ. 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್‌ನಲ್ಲಿ ಡಿಸ್ಕ್ ಬ್ರೇಕ್ ಇದೆ, ಚಕ್ರ ತಿರುಗಿಸುವ ಶಾಫ್ಟಿಗೆ 31 ಸ್ಪ್ಲೈನ್ (ತುದಿಯ ಹಲ್ಲು) ಇದೆ, ಚಕ್ರದ ಐದು ಬೋಲ್ಟುಗಳು ಕೂರುವ ವೃತ್ತದ ವ್ಯಾಸ ವಿ8 ಮಸ್ಟಾಂಗಿನದೇ, 4.5 ಇಂಚು. 1994ರ ಹಿಂದಿನವಕ್ಕೆ ಡ್ರಮ್. 2002ರಿಂದ ಹಿಂಬದಿಗೆ ಸ್ವತಂತ್ರ ಸಸ್ಪೆನ್ಷನ್ ಬಂತು, ಅದು ನಮ್ಮ ಕೆಲಸಕ್ಕೆ ಬರುವುದಿಲ್ಲ. ಕವರ್‌ನ ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ತಗಡಿನ ಮೇಲೆ 3L73 ಎಂದಿದ್ದರೆ 3.73 ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟಿನ 3.73 ಸುತ್ತು), ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್). ನಡುವೆ L ಇಲ್ಲದಿದ್ದರೆ ಸಾದಾ ಡಿಫರೆನ್ಷಿಯಲ್. ಇಷ್ಟರ ಮಟ್ಟಿಗೆ ಒಳ್ಳೆಯ ಸರಕೇ.

ತೊಡಕು ಅಗಲದಲ್ಲಿದೆ. ಎಕ್ಸ್‌ಪ್ಲೋರರ್ ಆಕ್ಸಲ್ ಚಕ್ರದಿಂದ ಚಕ್ರಕ್ಕೆ ಸುಮಾರು 59.6 ಇಂಚು, ಮಸ್ಟಾಂಗಿನದು 57.25. ಅದರ ಮೇಲೆ ಶಾಫ್ಟನ್ನು ಒಳಗಿಟ್ಟುಕೊಂಡ ಎಡಗಡೆಯ ಟ್ಯೂಬ್ ಬಲಗಡೆಯದಕ್ಕಿಂತ ಉದ್ದ, ಹಾಗಾಗಿ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಗೇರ್) ಬಲಕ್ಕೆ ಸರಿದು ನಿಂತಿರುತ್ತದೆ. ಎಲ್ಲರೂ ಮಾಡುವ ಉಪಾಯವೆಂದರೆ ಎಡ ಟ್ಯೂಬನ್ನು ಹೆಚ್ಚುಕಡಿಮೆ 3 ಇಂಚು ಕೊಯ್ದು, ಇನ್ನೊಂದು ಎಕ್ಸ್‌ಪ್ಲೋರರ್‌ನ ಬಲಗಡೆಯ ಗಿಡ್ಡ ಶಾಫ್ಟನ್ನು ಎಡಕ್ಕೂ ಹಾಕುವುದು. ಉಪಾಯದಲ್ಲಿ ತಪ್ಪಿಲ್ಲ. ಆದರೆ ಯಾರೋ ಹೇಳಿದ ಅಂಕಿ ಹಿಡಿದು ಕೊಯ್ಯಬಾರದು. ಎರಡೂ ಶಾಫ್ಟುಗಳನ್ನು ಪಕ್ಕಪಕ್ಕ ಮಲಗಿಸಿ ಉದ್ದದ ವ್ಯತ್ಯಾಸ ಅಳೆಯಬೇಕು, ಅಷ್ಟನ್ನೇ ತೆಗೆಯಬೇಕು.

ಆ ಕಾರಿನಲ್ಲಿ ಅಳತೆ ಸರಿಯಾಗಿಯೇ ಇತ್ತು, ಬೆಸುಗೆ ಕೆಟ್ಟಿತ್ತು. ಎರಡು ತುಂಡುಗಳನ್ನು ಎದುರುಬದುರು ಹಿಡಿದು, ಕಣ್ಣಳತೆಯಲ್ಲಿ ನೇರ ಮಾಡಿ, ಸುತ್ತಲೂ ಒಂದೇ ಉಸಿರಿಗೆ ಬೆಸೆದಿದ್ದರು. ಬಿಸಿಯಾದ ಕಬ್ಬಿಣ ಆರುವಾಗ ಬೆಸುಗೆ ಕೊನೆಗೊಂಡ ಕಡೆಗೆ ಎಳೆದುಕೊಳ್ಳುತ್ತದೆ, ಟ್ಯೂಬ್ ಕೂದಲೆಳೆಯಷ್ಟು ಬಾಗುತ್ತದೆ. ಬೇರೆ ಕೆಲವು ಆಕ್ಸಲ್‌ಗಳಲ್ಲಿ ಇಷ್ಟು ಬಾಗು ಹೇಗೋ ನಡೆದುಹೋದೀತು, 8.8ರಲ್ಲಿ ನಡೆಯುವುದಿಲ್ಲ. ಇದರ ಚಕ್ರದ ಬೇರಿಂಗಿಗೆ ಒಳ ರೇಸ್ (ರೋಲರ್ ಉರುಳುವ ಬಳೆ) ಎನ್ನುವುದೇ ಇಲ್ಲ, ರೋಲರ್‌ಗಳು ನೇರವಾಗಿ ಶಾಫ್ಟಿನ ಮೈಮೇಲೆ ಉರುಳುತ್ತವೆ. ಬೇರಿಂಗ್ ವಾರೆಯಾದರೆ ರೋಲರಿನ ಒಂದು ತುದಿ ಶಾಫ್ಟನ್ನೇ ಕೆರೆಯುತ್ತದೆ. ಎಡ ಶಾಫ್ಟ್ ಬಿಚ್ಚಿ ಒರೆಸಿದಾಗ ರೋಲರ್ ಓಡುವ ಪಟ್ಟಿಯ ಒಂದಂಚು ನೀಲಿಗಟ್ಟಿ ತರಿತರಿಯಾಗಿತ್ತು, ಉಗುರು ಆಡಿಸಿದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಂದಂಚು ಹೊಚ್ಚಹೊಸದರ ಹಾಗೆ ಹೊಳೆಯುತ್ತಿತ್ತು. ಅದಾಗಲೇ ಎರಡು ಸಲ ಆಯಿಲ್ ಸೀಲ್ ಬದಲಾಯಿಸಿದ್ದರಂತೆ. ಸೀಲ್ ಏನು ಮಾಡೀತು ಪಾಪ, ಟ್ಯೂಬೇ ಸೊಟ್ಟ ಇರುವಾಗ.

ಟ್ಯೂಬ್ ಕೊಯ್ಯುವವರ ಬಳಿ ಅಲೈನ್‌ಮೆಂಟ್ ಬಾರ್ ಇದೆಯೇ ಎಂದು ಮೊದಲೇ ಕೇಳಿ. ದಪ್ಪನೆಯ ನೇರ ಸರಳು ಅದು. ಡಿಫರೆನ್ಷಿಯಲ್ ಬೇರಿಂಗಿನ ಜಾಗದಲ್ಲೂ ಟ್ಯೂಬಿನ ತುದಿಗಳಲ್ಲೂ ಲೇತಿನಲ್ಲಿ ಕಡೆದ ಬಿಲ್ಲೆಗಳನ್ನು ಕೂರಿಸಿ, ಅವುಗಳ ನಡುವಿನ ತೂತಿನಲ್ಲಿ ಈ ಸರಳು ತೂರಿಸಿಟ್ಟು ಬೆಸೆಯಬೇಕು. ಒಂದಿಂಚು ಇಲ್ಲಿ, ಒಂದಿಂಚು ಎದುರುಗಡೆ, ನಡುವೆ ಆರಲು ಬಿಟ್ಟು. ಕೊನೆಗೆ ಸರಳು ಕೈಯಲ್ಲೇ ಸಲೀಸಾಗಿ ಜಾರಿ ಹೊರಬರಬೇಕು, ಸುತ್ತಿಗೆ ಬೇಕಾಯಿತೆಂದರೆ ಟ್ಯೂಬ್ ಬಾಗಿದೆ ಎಂದೇ ಅರ್ಥ. ಕೊಯ್ಯುವ ಮುಂಚೆ ಟ್ಯೂಬಿನ ಉದ್ದಕ್ಕೂ ಒಂದು ಗೆರೆ ಗೀಚಿಕೊಳ್ಳದಿದ್ದರೆ ತುದಿಯ ಫ್ಲ್ಯಾಂಜ್ ತಿರುಗಿ ಕೂರುತ್ತದೆ, ಆಗ ಬ್ರೇಕ್ ಕ್ಯಾಲಿಪರ್ ಶಾಕ್ ಅಬ್ಸಾರ್ಬರಿಗೋ ಸ್ಪ್ರಿಂಗಿಗೋ ತಾಗುತ್ತದೆ.

8.8ರ ಟ್ಯೂಬುಗಳನ್ನು ಎರಕದ ನಡುಭಾಗಕ್ಕೆ ಒತ್ತಿ ಕೂರಿಸಿ, ಕೆಲವೇ ಬಿಂದುಗಳಲ್ಲಿ ಬೆಸೆದಿರುತ್ತಾರೆ. ಹೆಚ್ಚಿನ ಶಕ್ತಿಯ ಎಂಜಿನ್ ಇಟ್ಟರೆ ಟ್ಯೂಬ್ ಒಳಗೇ ತಿರುಗಿಬಿಡಬಹುದೆಂದು ಅನೇಕರು ಸುತ್ತಲೂ ಬೆಸೆಸುತ್ತಾರೆ. ಎರಕಕ್ಕೂ ಉಕ್ಕಿಗೂ ಬೆಸುಗೆ ಹಾಕಬೇಕಾದರೆ ಮೊದಲು ಕಾಯಿಸಬೇಕು, ನಿಕ್ಕಲ್ ರಾಡ್ ಬೇಕು, ಆಮೇಲೆ ನಿಧಾನವಾಗಿ ಆರಿಸಬೇಕು. ತಣ್ಣಗಿನ ಎರಕದ ಮೇಲೆ ಸಾದಾ ಮಿಗ್ ಬೆಸುಗೆ ಎಳೆದರೆ ನೋಡಲು ಚೆಂದ, ಪಕ್ಕದಲ್ಲೇ ಬಿರುಕು. ಆ ಕಾರಿನಲ್ಲಿ ಬಣ್ಣ ಕೆರೆದಾಗ ಸಿಕ್ಕಿದ್ದು ಇದೇ.

ನಡುಕದ ಕಾರಣ ಬೇರೆ. ಸ್ಪ್ರಿಂಗ್ ಪಟ್ಟಿ ಕೂರುವ ಸೀಟುಗಳನ್ನು ಗಾಡಿ ಜಾಕ್ ಮೇಲಿದ್ದಾಗಲೇ ಪೂರ್ತಿ ಬೆಸೆದುಬಿಟ್ಟಿದ್ದರು. ಇಳಿಸಿದ ಮೇಲೆ ಪಿನಿಯನ್ 7 ಡಿಗ್ರಿ ಮೇಲಕ್ಕೆ ಮುಖ ಮಾಡಿತ್ತು, ಗೇರ್‌ಬಾಕ್ಸಿನ ಬಾಲ 3 ಡಿಗ್ರಿ ಕೆಳಕ್ಕೆ. ಎರಡು ಕೋನಗಳೂ ಸಮಾನಾಂತರವಾಗಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕ್ರಾಸ್ (ಮಡಚುವ ಕೀಲು) ಹುಟ್ಟಿಸುವ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸುತ್ತದೆ, ಇಲ್ಲದಿದ್ದರೆ ಅದು ನಡುಕವಾಗಿ ಬಾಡಿಗೆ ಏರುತ್ತದೆ. ಎಕ್ಸಿಲರೇಟರ್ ಒತ್ತಿದಾಗ ಪಟ್ಟಿಗಳು ಮುರುಟಿ ಪಿನಿಯನ್ ಇನ್ನಷ್ಟು ಮೇಲೇಳುವುದರಿಂದ, ಗೇರ್‌ಬಾಕ್ಸ್ 3 ಡಿಗ್ರಿ ಕೆಳಗಿದ್ದರೆ ಪಿನಿಯನ್ 1ರಿಂದ 2 ಡಿಗ್ರಿ ಮೇಲಿದ್ದರೆ ಸಾಕು. ಸೀಟುಗಳಿಗೆ ಬರೀ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ನಾಲ್ಕೂ ಚಕ್ರಗಳ ಮೇಲೆ ಭಾರ ಬಿಟ್ಟು, ಕೋನ ಅಳೆದು, ಆಕ್ಸಲ್ ಮತ್ತೆ ಇಳಿಸಿ ಪೂರ್ತಿ ಬೆಸೆಯಬೇಕು. ಇದು ಒಂದು ದಿನ ಹೆಚ್ಚಿಗೆ ಬೇಡುವ ಕೆಲಸ, ಅದಕ್ಕೇ ಬಿಟ್ಟುಬಿಡುತ್ತಾರೆ. ಟ್ಯೂಬ್ 3.25 ಇಂಚು ದಪ್ಪ ಇರುವುದರಿಂದ ಹಳೆ ಯು ಬೋಲ್ಟುಗಳೂ ನಡೆಯುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿಗೂ ಅಳತೆ ತೆಗೆಯುವುದು ಗಾಡಿ ನೆಲದ ಮೇಲಿದ್ದಾಗಲೇ. ಎಕ್ಸ್‌ಪ್ಲೋರರ್ ಕಡೆ ದುಂಡು ಫ್ಲ್ಯಾಂಜ್, 1330 ಅಳತೆಯ ಕ್ರಾಸ್. ಮಸ್ಟಾಂಗ್ ಕಡೆ 1310. ಎರಡೂ ಅಳತೆ ಒಂದರಲ್ಲೇ ಇರುವ ಕ್ರಾಸ್ ಅಂಗಡಿಯಲ್ಲಿ ಸಿಗುತ್ತದೆ.

ಬ್ರೇಕಿನ ಸಂಗತಿ ಎಲ್ಲಕ್ಕಿಂತ ಅಪಾಯದ್ದು. 1966ರ ಮಾಸ್ಟರ್ ಸಿಲಿಂಡರ್‌ನಲ್ಲಿ ಇರುವುದು ಒಂದೇ ಕೋಣೆ. ಡ್ರಮ್ಮಿಗೆಂದು ಮಾಡಿದ್ದರಿಂದ ಅದರ ಬಾಯಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ಪುಟ್ಟ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಷೂಗಳನ್ನು ಹಿಂದೆಳೆಯಲು ಸ್ಪ್ರಿಂಗ್ ಉಂಟು, ಡಿಸ್ಕಿನಲ್ಲಿ ಇಲ್ಲ. ಅಷ್ಟು ಒತ್ತಡಕ್ಕೇ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಆ ಕಾರಿನ ಡಿಸ್ಕ್‌ಗಳು ಕೆಂಡವಾಗಿದ್ದು ಅದಕ್ಕೆ. ಬರೀ ಆ ವಾಲ್ವ್ ಕಿತ್ತೆಸೆದರೆ ಮುಂದಿನ ಡ್ರಮ್ ಕೆಡುತ್ತದೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಮುಂದಿನ ಡ್ರಮ್ ಲೈನಿಗೆ ಪ್ರತ್ಯೇಕ 10 ಪಿಎಸ್‌ಐ ವಾಲ್ವ್, ಹಿಂದಿನ ಲೈನಿಗೆ ತಿರುಗಿಸಿ ಹೊಂದಿಸುವ ಪ್ರೊಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವಂಥದು) ಬೇಕೇ ಬೇಕು. ಮುಂದೆ ಡ್ರಮ್, ಹಿಂದೆ ಡಿಸ್ಕ್ ಎನ್ನುವುದೇ ತಲೆಕೆಳಗಾದ ಜೋಡಿ. ಮಳೆಯಲ್ಲಿ ಜೋರಾಗಿ ತುಳಿದರೆ ಹಿಂಚಕ್ರಗಳು ಮೊದಲು ಕಚ್ಚಿಕೊಂಡು ಗಾಡಿ ಗರ್ರನೆ ತಿರುಗುತ್ತದೆ. ದುಡ್ಡು ಮಿತಿಯಲ್ಲಿದ್ದರೆ ಮೊದಲು ಮುಂದಿನ ಡಿಸ್ಕ್ ಮಾಡಿಸಿ.

ಅನುಪಾತದ ಲೆಕ್ಕವನ್ನೂ ಯಾರೂ ಹೇಳುವುದಿಲ್ಲ. ಎಕ್ಸ್‌ಪ್ಲೋರರ್‌ಗೆ 3.73 ಸಲ್ಲುವುದು ಅದರ ಗೇರ್‌ಬಾಕ್ಸಿನಲ್ಲಿ ಓವರ್‌ಡ್ರೈವ್ ಇರುವುದರಿಂದ. ಹಳೆ ಮೂರು ಗೇರಿನ ಪೆಟ್ಟಿಗೆಯಲ್ಲಿ, 25 ಇಂಚಿನ ಟೈರಿನ ಮೇಲೆ, 65 ಮೈಲಿ ವೇಗಕ್ಕೆ ಎಂಜಿನ್ ಸುಮಾರು 3,260 ಸುತ್ತು ತಿರುಗುತ್ತದೆ. ಮೊದಲಿದ್ದ 3.00ರಲ್ಲಿ 2,620 ಸಾಕಾಗಿತ್ತು. ಗೇರ್‌ಬಾಕ್ಸಿನೊಳಗಿನ ಸ್ಪೀಡೋಮೀಟರ್ ಗೇರ್ ಬದಲಾಯಿಸದಿದ್ದರೆ 60ರಲ್ಲಿ ಹೋಗುವಾಗ ಮುಳ್ಳು 75ರ ಹತ್ತಿರ ನಿಂತಿರುತ್ತದೆ.

ಇನ್ನು ಆ 289ಕ್ಕೆ ಇದೆಲ್ಲ ಬೇಕಿತ್ತೇ? ಬೇಕಿರಲಿಲ್ಲ. ವಿ8 ಮಸ್ಟಾಂಗಿನ 8 ಇಂಚಿನ ಆಕ್ಸಲ್ 28 ಸ್ಪ್ಲೈನಿನದಾದರೂ 200 ಅಶ್ವಶಕ್ತಿಗೆ ಧಾರಾಳ ಸಾಕು. ಅದರ ಡಿಫರೆನ್ಷಿಯಲ್ ಹತ್ತು ನಟ್ ಬಿಚ್ಚಿದರೆ ಮುಂದಕ್ಕೆ ಇಡಿಯಾಗಿ ಹೊರಬರುತ್ತದೆ, ಲಿಮಿಟೆಡ್ ಸ್ಲಿಪ್ ಕೂಡ ಹೊಸದು ಸಿಗುತ್ತದೆ, ಡಿಸ್ಕ್ ಕಿಟ್ಟೂ ಇದೆ. ಒಂದೇ ಒಂದು ಕಡೆ ಕೊಯ್ಯಬೇಕಿಲ್ಲ. ಆರು ಸಿಲಿಂಡರ್ ಕಾರನ್ನು ವಿ8 ಮಾಡುವವರ ಮಾತು ಬೇರೆ, ಅದರ 7.25 ಇಂಚಿನ ಆಕ್ಸಲ್ ತಡೆಯುವುದಿಲ್ಲ. ಆದರೆ ಅವರೂ ಮುಂದಿನ ಹಬ್ ಬದಲಾಯಿಸಬೇಕು, ಇಲ್ಲವಾದರೆ ಮುಂದೆ ನಾಲ್ಕು ಬೋಲ್ಟು, ಹಿಂದೆ ಐದು, ಡಿಕ್ಕಿಯಲ್ಲಿ ಎರಡು ಸ್ಟೆಪ್ನಿ.

ಇಷ್ಟಾದರೂ 8.8 ಹಾಕಿಸಿಯೇ ತೀರುತ್ತೀರಾದರೆ, ಗಾಡಿ ವಾಪಸ್ ತೆಗೆದುಕೊಳ್ಳುವಾಗ ಹಿಂದಿನ ಕವರ್ ಎದುರಿಗೇ ಬಿಚ್ಚಿಸಿ ನೋಡಿ. ಶಾಫ್ಟುಗಳನ್ನು ಒಳಗೆ ಹಿಡಿದಿಡುವುದು ಎರಡು ಸಿ ಕ್ಲಿಪ್‌ಗಳು, ಅವನ್ನು ಕಾಯುವುದು ಒಂದು ಅಡ್ಡ ಪಿನ್, ಆ ಪಿನ್ನನ್ನು ಹಿಡಿದಿರುವುದು ಒಂದು ಸಣ್ಣ ಬೋಲ್ಟು. ಹಳೆಯದನ್ನೇ ಮತ್ತೆ ಹಾಕಿದ್ದರೆ ಹೊಸದು ಹಾಕಿಸಿ. ಲಿಮಿಟೆಡ್ ಸ್ಲಿಪ್ ಆಗಿದ್ದರೆ ಸುಮಾರು 2.5 ಲೀಟರ್ ಆಯಿಲ್ ಜೊತೆ 4 ಔನ್ಸ್ ಫ್ರಿಕ್ಷನ್ ಮಾಡಿಫೈಯರ್ ಬೇಕು, ಮರೆತರೆ ತಿರುವಿನಲ್ಲಿ ಕಟಕಟ ಎನ್ನುತ್ತದೆ. ಟ್ಯೂಬಿನ ಮೇಲಿನ ಗಾಳಿ ಕಿಂಡಿಗೆ ನಳಿಗೆ ಜೋಡಿಸಿದ್ದಾರೋ ಇಲ್ಲವೋ ನೋಡಿ. ಕಿಂಡಿ ಮುಚ್ಚಿಹೋದರೆ ಬಿಸಿಗೆ ಒಳಗಡೆ ಒತ್ತಡ ಏರಿ ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಹಳೆ ಆಕ್ಸಲನ್ನು ಮಾತ್ರ ಸಾವಿರ ಮೈಲಿ ಓಡುವವರೆಗೆ ಮಾರಬೇಡಿ. ಆ ಕಾರಿನದು ಮೊದಲ ವಾರವೇ ಮಾರಿಹೋಗಿತ್ತು, ಈಗ ಅದೇ ಅಳತೆಯದನ್ನು ಹುಡುಕುತ್ತಿದ್ದಾರೆ.