ಡೀಸೆಲ್ ಕಾರು ಆಗಾಗ ಮಿಸ್ ಹೊಡೆಯುತ್ತಿದೆಯೇ? ಇಂಜೆಕ್ಟರ್ ಬದಲಿಸಲು ಒಪ್ಪುವ ಮೊದಲು ಇದನ್ನು ಓದಿ

ಕಾರು ಓಡುತ್ತಾ ಓಡುತ್ತಾ ಮಿಸ್ ಹೊಡೆಯುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ, ಗ್ಯಾರೇಜಿಗೆ ಒಯ್ದ ದಿನ ಮಾತ್ರ ಏನೂ ಆಗುವುದಿಲ್ಲ. ಇಂಥ ತೊಂದರೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಿಂದ ಇದಕ್ಕಾಗಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ದುಡ್ಡು ಹೋಯಿತು. ಕೊನೆಗೆ ಸಿಕ್ಕ ಕಾರಣ, ಡೀಸೆಲ್ ಫಿಲ್ಟರಿಗೆ ಪೈಪ್ ಕೂಡುವ ಜಾಗದಲ್ಲಿದ್ದ ಒಂದು ರಬ್ಬರ್ ಓ-ರಿಂಗ್.

ಕಾರು 2015ರ ಮಾಡೆಲ್, ಕಾಮನ್ ರೇಲ್ ಡೀಸೆಲ್. ಅಂದರೆ ಒಂದು ಪಂಪ್ ಡೀಸೆಲನ್ನು ಭಾರೀ ಒತ್ತಡದಲ್ಲಿ 'ರೇಲ್' ಎಂಬ ಪೈಪಿಗೆ ತುಂಬುತ್ತದೆ, ಅಲ್ಲಿಂದ ಅದು ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಅಪ್ಪನ ತಪಾಸಣೆಗೆಂದು ಹಾಸನದಿಂದ ಮಂಗಳೂರಿಗೆ ಆಗಾಗ ಹೋಗಿಬರಬೇಕು, ದಾರಿ ಶಿರಾಡಿ ಘಾಟಿ. ಹೋಗುವಾಗ ಏನೂ ಇರುತ್ತಿರಲಿಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಏರು ಶುರುವಾದರೆ, ಆಕ್ಸಿಲರೇಟರ್ ತುಳಿದಷ್ಟೂ ಎಂಜಿನ್ ತಡವರಿಸುತ್ತಿತ್ತು. ಪಿಕಪ್ ಬಿದ್ದುಹೋಗಿ, ಎರಡು ಜರ್ಕ್ ಹೊಡೆದು, ಮತ್ತೆ ಎಳೆಯುತ್ತಿತ್ತು. ಒಂದು ಸಲ ಟ್ಯಾಂಕರ್ ಓವರ್‌ಟೇಕ್ ಮಾಡುತ್ತಿದ್ದಾಗ ಅರ್ಧದಲ್ಲೇ ಎಂಜಿನ್ ಸೊರಗಿತು. ಎದುರಿನಿಂದ ಬಸ್ಸು. ಟ್ಯಾಂಕರಿನ ಚಾಲಕರು ಬ್ರೇಕ್ ಹಾಕಿ ನಮಗೆ ಜಾಗ ಬಿಟ್ಟರು, ಅದರಿಂದ ಉಳಿದೆವು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದರು. ಹಾಗಾಗಿ "ಆಮೇಲೆ ನೋಡೋಣ" ಎಂದು ಬಿಡುವ ಮಾತೇ ಇರಲಿಲ್ಲ.

ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು. ಎಂಜಿನ್ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಏನೂ ಇರಲಿಲ್ಲ. "ಕೋಡ್ ಬಂದಿಲ್ಲ ಸರ್, ಸೆನ್ಸಾರ್ ಎಲ್ಲಾ ಚೆನ್ನಾಗಿದೆ. ಹಂಗಾದ್ರೆ ಇಂಜೆಕ್ಟರ್ ವೀಕ್ ಆಗಿದೆ" ಅಂದರು. ಈ ಮಾತು ನಿಮಗೂ ಕೇಳಿಬಂದರೆ ಅಲ್ಲಿಯೇ ತಡೆಯಿರಿ. ಡೀಸೆಲ್ ಒತ್ತಡದಲ್ಲಿ ವ್ಯತ್ಯಾಸ ಕಂಡ ತಕ್ಷಣ ಎಂಜಿನ್ ಕಂಪ್ಯೂಟರ್ ಕೋಡ್ ಬರೆದಿಡುವುದಿಲ್ಲ, ಆ ವ್ಯತ್ಯಾಸ ಅದಕ್ಕೆ ನಿಗದಿ ಮಾಡಿದಷ್ಟು ಹೊತ್ತು ಉಳಿಯಬೇಕು. ಒಂದೆರಡು ಸೆಕೆಂಡ್ ಬಂದು ಹೋಗುವ ತೊಂದರೆ ಕೋಡಿಗೆ ಸಿಗದೇ ಹೋಗಬಹುದು. ಕೋಡ್ ಇಲ್ಲ ಎನ್ನುವುದರಿಂದ ಇಂಜೆಕ್ಟರ್ ಕೆಟ್ಟಿದೆ ಎಂದು ಯಾವ ದಾರಿಯಲ್ಲೂ ತೀರ್ಮಾನಿಸಲಾಗದು.

ಇಂಜೆಕ್ಟರ್ ಕೆಟ್ಟರೆ ಸಾಮಾನ್ಯವಾಗಿ ಅದು ಘಾಟಿಯವರೆಗೆ ಕಾಯುವುದಿಲ್ಲ. ನಿಂತಲ್ಲೇ ಎಂಜಿನ್ ಅದುರುತ್ತದೆ, ಒಂದು ಸಿಲಿಂಡರಿನಿಂದ ಟಕ್ ಟಕ್ ಸದ್ದು ಬರುತ್ತದೆ, ಹೊಗೆ ಹೆಚ್ಚುತ್ತದೆ. ನೋಡಲು ಪರೀಕ್ಷೆಯೂ ಇದೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಜೋಡಿಸಿ, ಎಂಜಿನ್ ಓಡಿಸಿ, ಯಾವುದರಿಂದ ಹೆಚ್ಚು ಡೀಸೆಲ್ ವಾಪಸ್ ಬರುತ್ತಿದೆ ಎಂದು ಹೋಲಿಸುವುದು. ಅರ್ಧ ಗಂಟೆಯ ಕೆಲಸ. ನಮ್ಮ ಕಾರಿಗೆ ಅದನ್ನೂ ಮಾಡಲಿಲ್ಲ. ನಾಲ್ಕೂ ಬಿಚ್ಚಿ, ರೀಕಂಡಿಷನ್ ಮಾಡಿದವನ್ನು ಹಾಕಿದರು. ಹಲವು ಕಾರುಗಳಲ್ಲಿ ಇಂಜೆಕ್ಟರ್ ತಲೆಯ ಮೇಲಿರುವ ಅಕ್ಷರ-ಅಂಕಿಗಳ ಕೋಡನ್ನು ಕಂಪ್ಯೂಟರಿಗೆ ಬರೆಯಬೇಕು, ನಮ್ಮದೂ ಅಂಥದ್ದೇ. ಅದನ್ನು ಬರೆದಿರಲಿಲ್ಲವೆಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಕಾರು ಸರಿಹೋದಂತೆ ಕಂಡಿತು. ಫುಲ್ ಟ್ಯಾಂಕ್ ಹಾಕಿಸಿ ಹೊರಟೆವು, ಒಂದೂ ಜರ್ಕ್ ಇಲ್ಲ. ಇದನ್ನು ನೆನಪಿಡಿ, ಕಾರಣ ಮುಂದೆ ಹೇಳುತ್ತೇನೆ. ಟ್ಯಾಂಕ್ ಅರ್ಧಕ್ಕೆ ಇಳಿದ ಮೇಲೆ ಮತ್ತದೇ ಕಥೆ. ಈ ಬಾರಿ ಗ್ಯಾರೇಜಿನವರು ಹೇಳಿದ್ದು: "ಹೈ ಪ್ರೆಶರ್ ಪಂಪ್ ಹೋಗಿದೆ, ಇನ್ನೊಂದು ನಲವತ್ತೈದು ಸಾವಿರ ಆಗುತ್ತೆ."

ಆ ದಿನ ಅಲ್ಲಿ ಕಂಡದ್ದು ನನಗೆ ಇಂದಿಗೂ ಭಯ ತರುತ್ತದೆ. ಕೆಲಸದ ಹುಡುಗನೊಬ್ಬ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಿದ. ಹಳೇ ಕಾಲದ ಡೀಸೆಲ್ ಗಾಡಿಗಳಲ್ಲಿ ಒಂದೊಂದೇ ನಟ್ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುವ ಪದ್ಧತಿ ಇತ್ತು, ಮೇಸ್ತ್ರಿಗಳು ಅದನ್ನೇ ಕಲಿಸಿಬಿಟ್ಟಿದ್ದಾರೆ. ಕಾಮನ್ ರೇಲ್ ಎಂಜಿನ್‌ನಲ್ಲಿ ಸುಮ್ಮನೆ ನಿಂತಾಗಲೇ ಪೈಪಿನೊಳಗೆ ಸುಮಾರು 250ರಿಂದ 300 ಬಾರ್ ಒತ್ತಡ ಇರುತ್ತದೆ, ಎಳೆಯುವಾಗ ಹಲವು ಕಾರುಗಳಲ್ಲಿ 1600 ಬಾರ್‌ವರೆಗೂ ಹೋಗುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿ ಎರಡು ಬಾರ್ ಚಿಲ್ಲರೆ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಸಾಯುತ್ತಿರುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು, ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾಗುತ್ತದೆ. ನಾನು ಕೂಗಿ ಎಂಜಿನ್ ಆಫ್ ಮಾಡಿಸಿದೆ. ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲೇ ಇಲ್ಲ. ಗ್ಯಾರೇಜ್ ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ನಿಮ್ಮ ಹುಡುಗರಿಗೆ ಇದೊಂದನ್ನು ಹೇಳಿಕೊಡಿ.

ಕಾರನ್ನು ಅಲ್ಲಿಂದ ತಂದು, ಪಂಪ್ ಮತ್ತು ಇಂಜೆಕ್ಟರ್ ಕೆಲಸವನ್ನಷ್ಟೇ ಮಾಡುವ ಒಂದು ಹಳೆಯ ಅಂಗಡಿಗೆ ಒಯ್ದೆ. ಅಲ್ಲಿನ ಯಜಮಾನರು ಬಾನೆಟ್ ಎತ್ತುವ ಮೊದಲೇ ಕೇಳಿದರು: "ಟ್ಯಾಂಕಲ್ಲಿ ಎಷ್ಟಿದ್ದಾಗ ಹಿಂಗಾಗುತ್ತೆ ಸರ್? ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊತ್ತು ತಗೊಳುತ್ತಾ?" ಹೌದು, ಬೆಳಿಗ್ಗೆ ಸ್ಟಾರ್ಟ್ ಆಗಲು ಮೊದಲಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಿತ್ತು. ಗ್ಯಾರೇಜಿನಲ್ಲೂ ಇದನ್ನು ಹೇಳಿದ್ದೆ, ಅವರು ಬ್ಯಾಟರಿ ಎಂದಿದ್ದರು.

ಅಂಗಡಿಯ ಯಜಮಾನರು ಸ್ಕ್ಯಾನರ್ ಹಾಕಿ ನನ್ನನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತರು. ಏರಿನಲ್ಲಿ ಜರ್ಕ್ ಬಂದ ಗಳಿಗೆಯಲ್ಲಿ ಪರದೆ ತೋರಿಸಿದರು. ಕಂಪ್ಯೂಟರ್ ಕೇಳುತ್ತಿದ್ದ ರೇಲ್ ಪ್ರೆಶರ್ 1100 ಬಾರ್ ಆಸುಪಾಸು, ನಿಜವಾಗಿ ಇದ್ದದ್ದು ಅದರ ಅರ್ಧ. ಪಂಪಿಗೆ ಡೀಸೆಲ್ ಸರಿಯಾಗಿ ಬರುತ್ತಿಲ್ಲವೋ, ಪಂಪೇ ಒತ್ತುತ್ತಿಲ್ಲವೋ ಎನ್ನುವುದನ್ನು ಮೊದಲು ನೋಡಬೇಕಿತ್ತು. ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಪಾರದರ್ಶಕ ಪೈಪ್ ತುಂಡು ಹಾಕಿದರು. ಎಂಜಿನ್ ರೇಸ್ ಮಾಡಿದಾಗ ಅದರೊಳಗೆ ಗುಳ್ಳೆಗಳು ಸಾಲಾಗಿ ಓಡಿದವು. ಗಾಳಿ ಎಳೆಯುತ್ತಿತ್ತು. ಕ್ಯಾನಿನಲ್ಲಿ ಡೀಸೆಲ್ ಇಟ್ಟು ಪಂಪಿಗೆ ನೇರವಾಗಿ ಕೊಟ್ಟಾಗ ಗುಳ್ಳೆ ಇಲ್ಲ, ಒತ್ತಡ ಸರಿಯಾಗಿತ್ತು. ಪಂಪ್ ಚೆನ್ನಾಗಿಯೇ ಇತ್ತು.

ನಮ್ಮ ಕಾರಿನಲ್ಲಿ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇಲ್ಲ, ಎಂಜಿನ್ ಬಳಿಯ ಪಂಪೇ ಹಿಂದಿನಿಂದ ಡೀಸೆಲ್ ಹೀರಿಕೊಳ್ಳಬೇಕು. ಸ್ಟ್ರಾ ತೂತಾದರೆ ಎಳನೀರಿನ ಜೊತೆ ಗಾಳಿ ಬರುವ ಹಾಗೆ, ಹೀರುವ ಪೈಪಿನ ಸೀಲ್ ಸಡಿಲವಾದರೆ ಗಾಳಿ ಒಳಗೆ ಹೋಗುತ್ತದೆ. ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಆದ್ದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಟ್ಯಾಂಕ್ ತುಂಬಿದ್ದಾಗ ಹೀರುವ ಶ್ರಮ ಕಡಿಮೆ. ಟ್ಯಾಂಕ್ ಇಳಿದಿದ್ದು, ಕಾರು ಏರಿನಲ್ಲಿ ಮೂತಿ ಎತ್ತಿಕೊಂಡಿದ್ದು, ಎಂಜಿನ್ ಹೆಚ್ಚು ಡೀಸೆಲ್ ಕೇಳುವಾಗ ಆ ಸಂದಿನಿಂದ ಗಾಳಿ ನುಗ್ಗುತ್ತದೆ. ರಾತ್ರಿಯಿಡೀ ನಿಂತರೆ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತದೆ, ಬೆಳಗಿನ ಸೆಲ್ಫ್ ತೊಂದರೆಗೆ ಅದೇ ಕಾರಣ. ಇಂಜೆಕ್ಟರ್ ಹಾಕಿದ ಮೇಲೆ ಸರಿಹೋದಂತೆ ಕಂಡದ್ದು ಆ ಕೆಲಸದಲ್ಲಿ ಪೈಪಿನೊಳಗಿನ ಗಾಳಿ ಹೊರತೆಗೆದದ್ದರಿಂದ, ಫುಲ್ ಟ್ಯಾಂಕ್ ಇದ್ದದ್ದರಿಂದ. ಓ-ರಿಂಗ್ ಬದಲಿಸಿ, ಇಂಜೆಕ್ಟರ್ ಕೋಡ್ ಬರೆದು, ಕೂಲಿ ಸೇರಿ ಅವರು ತೆಗೆದುಕೊಂಡದ್ದು ಎರಡು ಸಾವಿರದೊಳಗೆ.

ಟ್ಯಾಂಕಿನಲ್ಲೇ ಪಂಪ್ ಇರುವ ಕಾರಾದರೆ ಆ ಪೈಪಿನಲ್ಲಿ ಡೀಸೆಲ್ ಒತ್ತಿಕೊಂಡು ಬರುತ್ತದೆ, ಸೀಲ್ ಹೋದರೆ ಹೊರಗೆ ಸೋರಿ ವಾಸನೆ ಬರುತ್ತದೆ. ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ, ಅದರಲ್ಲೂ ಎಂಜಿನ್ ಬಿಸಿಯಾದಾಗ, ಕ್ರ್ಯಾಂಕ್ ಸೆನ್ಸಾರ್ (ಎಂಜಿನ್ ತಿರುಗುವುದನ್ನು ಅಳೆಯುವುದು) ಅಥವಾ ಅದರ ವೈರು ನೋಡಿಸಿ. ಕಪ್ಪು ಹೊಗೆಯ ಜೊತೆ ತಡವರಿಕೆ ಇದ್ದರೆ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಬಿಡುವ ವಾಲ್ವ್) ನೋಡಿಸಿ. ಬಂಕಿನಲ್ಲಿ ಹಾಕಿಸಿದ ಬೆನ್ನಿಗೇ ಶುರುವಾದರೆ ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ ನೀರಿದೆಯೇ ನೋಡಿ.

ಯಾವ ಗ್ಯಾರೇಜಿಗೇ ಹೋಗಿ, ಜರ್ಕ್ ಬರುವಾಗಿನ ರೇಲ್ ಪ್ರೆಶರ್ ಕೇಳಿದ್ದೆಷ್ಟು ಇದ್ದದ್ದೆಷ್ಟು ಎಂದು ತೋರಿಸದೆ ಪಂಪಿಗಾಗಲೀ ಇಂಜೆಕ್ಟರಿಗಾಗಲೀ ಕೈಹಾಕಲು ಬಿಡಬೇಡಿ. ತೊಂದರೆ ಬಂದಾಗ ಟ್ಯಾಂಕ್ ಎಷ್ಟಿತ್ತು, ಏರಿತ್ತೇ, ಎಂಜಿನ್ ಬಿಸಿ ಇತ್ತೇ ಎಂದು ಬರೆದುಕೊಂಡು ಹೋಗಿ. ಬಿಚ್ಚಿದ ಹಳೆಯ ಭಾಗಗಳನ್ನು ವಾಪಸ್ ಕೇಳಿ ಪಡೆಯಿರಿ.

ನಮ್ಮ ಹಳೆಯ ಇಂಜೆಕ್ಟರ್‌ಗಳನ್ನು ಗ್ಯಾರೇಜಿನವರು ಇನ್ನೂ ಕೊಟ್ಟಿಲ್ಲ, "ಎಕ್ಸ್‌ಚೇಂಜಿಗೆ ಹೋಯಿತು" ಎನ್ನುತ್ತಿದ್ದಾರೆ, ಬಿಲ್ಲಿನಲ್ಲಿ ಆ ಮಾತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಎರಡನೇ ಅಂಗಡಿಯ ಯಜಮಾನರು ತಾವು ಕಂಡದ್ದನ್ನು ಸಹಿ ಹಾಕಿ ಬರೆದುಕೊಟ್ಟಿದ್ದಾರೆ.