36 ಹೇಳಿಕೆಗಳ ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೆ: ಒಟ್ಟು ಅಂಕ ಬಿಡಿ, ಬಿಡಿ ಅಂಕ ನೋಡಿ

ನೌಕರರ ತೃಪ್ತಿ ಅಳೆಯಲು ಹೊಸದೊಂದು ಪ್ರಶ್ನಾವಳಿ ಹೆಣೆಯಲು ಕೂರುವ ಮುನ್ನ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಪೆಕ್ಟರ್ 1985ರಲ್ಲಿ ಪ್ರಕಟಿಸಿದ ಈ ಸರ್ವೆಯನ್ನು ನೋಡಿ. ಅಮೆರಿಕದ ಸಮಾಜಸೇವಾ ಸಂಸ್ಥೆಗಳ ಸಿಬ್ಬಂದಿಗೆಂದು ರೂಪಿಸಿದ್ದು ಈಗ ಹತ್ತಾರು ಬಗೆಯ ಉದ್ಯೋಗಗಳಲ್ಲಿ ಬಳಕೆಯಲ್ಲಿದೆ. ವಾಣಿಜ್ಯೇತರ ಶಿಕ್ಷಣ, ಸಂಶೋಧನೆಗೆ ಉಚಿತ.

ಸಂಬಳ, ಬಡ್ತಿ, ಮೇಲ್ವಿಚಾರಣೆ, ಸವಲತ್ತು, ಮನ್ನಣೆ, ಕಚೇರಿಯ ನಿಯಮಗಳು, ಸಹೋದ್ಯೋಗಿಗಳು, ಕೆಲಸದ ಸ್ವರೂಪ, ಸಂವಹನ ಎಂಬ 9 ಅಂಶಗಳಿಗೆ ತಲಾ 4 ಹೇಳಿಕೆ. ಪ್ರತಿ ಹೇಳಿಕೆಗೆ 1ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) 6ರವರೆಗೆ (ಪೂರ್ತಿ ಒಪ್ಪುತ್ತೇನೆ) ಅಂಕ. ಹಾಗಾಗಿ ಒಂದು ಅಂಶಕ್ಕೆ 4ರಿಂದ 24, ಒಟ್ಟು 36ರಿಂದ 216.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. 36ರಲ್ಲಿ 19 ಹೇಳಿಕೆಗಳು ಅತೃಪ್ತಿಯ ಕಡೆಯಿಂದ ಕೇಳುವಂಥವು. ಅವುಗಳ ಅಂಕವನ್ನು 7ರಿಂದ ಕಳೆದು ತಿರುಗಿಸಬೇಕು: 6 ಇದ್ದದ್ದು 1, 5 ಇದ್ದದ್ದು 2. ಇದನ್ನು ಮರೆತರೆ ಮೆಚ್ಚುಗೆ, ಬೇಸರ ಎರಡೂ ಒಂದನ್ನೊಂದು ಹೊಡೆದುಹಾಕಿ ಹಲವು ಅಂಶಗಳ ಅಂಕ 14ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂಥ ವರದಿ ಕಂಡರೆ ಮೊದಲು ಸೂತ್ರವನ್ನೇ ಅನುಮಾನಿಸಿ. ಓದದೆ ಎಲ್ಲಕ್ಕೂ 6 ಒತ್ತಿದವರನ್ನು ಹಿಡಿಯಲೂ ಈ ಉಲ್ಟಾ ಹೇಳಿಕೆಗಳೇ ನೆರವು. ಅಂಕ ತಿರುಗಿಸುವ ಮೊದಲೇ ಅಂಥ ಹಾಳೆಗಳನ್ನು ಬೇರ್ಪಡಿಸಿಡಿ.

ಒಟ್ಟು ಅಂಕದ ಆಂತರಿಕ ಸ್ಥಿರತೆ, ಅಂದರೆ ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ (ಗರಿಷ್ಠ 1), 0.91, ಬಹಳ ಚೆನ್ನಾಗಿದೆ. ಆದರೆ ನಿಯಮಗಳು (0.62), ಸಹೋದ್ಯೋಗಿಗಳು (0.60) ದುರ್ಬಲ, ಇವೆರಡರಲ್ಲಿ ಒಂದೆರಡು ಅಂಕದ ಏರಿಳಿತಕ್ಕೆ ದೊಡ್ಡ ಅರ್ಥ ಕಟ್ಟಬಾರದು. ಒಟ್ಟು 150 ಬಂತೆಂದು ಮೇಲಧಿಕಾರಿಗಳು ಸಮಾಧಾನಪಟ್ಟರೂ ಬಡ್ತಿಯ ಅಂಕ 8ರಲ್ಲೇ ಇರಬಹುದು. ಜನ ಕೆಲಸ ಬಿಡುವುದು ಆ 8ರ ಕಾರಣಕ್ಕೇ ಇರಬಹುದು.

ಇದರ ನಿಜವಾದ ಕೊರತೆ, ತರಬೇತಿಗೆಂದೇ ಒಂದು ಅಂಶವಿಲ್ಲ. ಕಲಿತದ್ದು ಕೆಲಸದಲ್ಲಿ ಬಳಕೆಯಾಯಿತೇ, ಅಭ್ಯಾಸಕ್ಕೆ ಸಮಯ ಸಿಕ್ಕಿತೇ, ಕಲಿತ ಮೇಲೆ ಹೊಣೆ ಬದಲಾಯಿತೇ ಎಂದು ಪ್ರತ್ಯೇಕ ಹಾಳೆಯಲ್ಲಿ ಕೇಳಬೇಕು. ಆ ಅಂಕವನ್ನು 216ರೊಳಗೆ ಬೆರೆಸಬಾರದು. ತರಬೇತಿಗೆ ಮುಂಚೆ, ಆಮೇಲೆ ಎರಡು ಸಲ ಅಳೆಯುವುದಾದರೆ, ಹೆಸರಿನ ಬದಲು ಪ್ರತಿಯೊಬ್ಬರೂ ತಾವೇ ಆರಿಸಿದ ಗುರುತು ಸಂಖ್ಯೆ ಬರೆಯಲಿ. ನಡುವೆ ಕೆಲಸ ಬಿಟ್ಟವರ ಹಾಳೆಗಳನ್ನು ಮೊದಲ ಸರಾಸರಿಯಿಂದ ತೆಗೆದು, ಉಳಿದವರನ್ನು ಅವರದೇ ಹಳೆಯ ಅಂಕದೊಂದಿಗೆ ಹೋಲಿಸಿ. ಇಲ್ಲವಾದರೆ ಬೇಸತ್ತವರು ಹೊರಟುಹೋದದ್ದರಿಂದಲೇ ಏರಿದ ಸರಾಸರಿ ತರಬೇತಿಯ ಫಲವೆಂದು ವರದಿಗೆ ಸೇರಿಬಿಡುತ್ತದೆ.